ಕಾಲುವೆಯ ಏರಿ ದಾಟಿದ ಪಾಠ

ಹೊಸದಾಗಿ ನೇಮಕವಾದ ಇಬ್ಬರು ವಿಜ್ಞಾನ ಶಿಕ್ಷಕಿಯರು ಮೊನ್ನೆ ಶಹಾಪುರದ ನಮ್ಮ ಮನೆಗೆ ಬಂದಿದ್ದರು. ಒಬ್ಬಳಿಗೆ ಹುಣಸಗಿ ಕಡೆಯ ಊರು, ಇನ್ನೊಬ್ಬಳಿಗೆ ವನದುರ್ಗದ ಹತ್ತಿರ. ಚಹಾದ ಕಪ್ಪು ಕೆಳಗಿಡುವ ಮೊದಲೇ ಒಬ್ಬಳು ಕೇಳಿದಳು, "ಮೇಡಂ, ಅಲ್ಲೆ ಲ್ಯಾಬ್ ಇರ್ತೈತೇನ್ರಿ?" ಇನ್ನೊಬ್ಬಳು, "ಪ್ರೊಜೆಕ್ಟರ್ ಇಲ್ಲಂದ್ರ ಎಂಟನೇತ್ತಾ ಹುಡುಗ್ರಿಗೆ ಹೆಂಗ ಕಲಸೋದ್ರಿ?" ನನಗೆ ನಗು ಬಂತು, ಸ್ವಲ್ಪ ಸಿಟ್ಟೂ ಬಂತು. ಸಿಟ್ಟು ನನಗೆ ಮೂಗಿನ ತುದಿಯಲ್ಲೇ ಇರುತ್ತದೆ, ನಿವೃತ್ತಿಯ ಜೊತೆಗೆ ಅದೇನೂ ನಿವೃತ್ತವಾಗಿಲ್ಲ. ಬೈಯುವ ಬದಲು ಬರೆದುಕೊಡುತ್ತೇನೆ ಎಂದು ಅವರನ್ನು ಕಳಿಸಿದೆ. ಇದು ಅವರಿಬ್ಬರಿಗಾಗಿ, ಅವರಂಥ ಇನ್ನುಳಿದವರಿಗಾಗಿ.

ನನಗೆ ಎಲ್ಲೆಲ್ಲಿ ವರ್ಗವಾಯಿತು, ಯಾವಾಗ ಬಡ್ತಿ ಬಂತು, ಯಾರು ಶಾಲು ಹೊದಿಸಿದರು ಎಂಬುದೆಲ್ಲ ನಿಮಗೆ ಬೇಡ. ನಾನು ಕೆಲಸ ಕಲಿತದ್ದು ಒಂದು ವರ್ಷದಲ್ಲಿ, ಒಂದು ತರಗತಿಯಲ್ಲಿ. ಆ ತರಗತಿಯಲ್ಲಿ ದೇವಮ್ಮ ಎಂಬ ಹುಡುಗಿ ಇದ್ದಳು. ಆಕೆಯ ಓಣಿಯಿಂದ ಏಳನೆಯ ತರಗತಿ ದಾಟಿ ಬಂದ ಹೆಣ್ಣುಮಗು ಆಕೆಯೊಬ್ಬಳೇ. ಉಳಿದವರೆಲ್ಲ ಟಿ.ಸಿ. ತೆಗೆದುಕೊಂಡು ಹತ್ತಿ ಬಿಡಿಸಲು, ತಮ್ಮಂದಿರನ್ನು ಎತ್ತಿ ಆಡಿಸಲು, ಆಮೇಲೆ ಮದುವೆಯ ಮನೆಗೆ ಹೋಗಿಬಿಟ್ಟಿದ್ದರು. ದೇವಮ್ಮ ಶಾಲೆಯಲ್ಲಿ ಉಳಿಯುತ್ತಾಳೋ ಇಲ್ಲವೋ ಎಂಬುದು ಆ ವರ್ಷ ಪೂರ್ತಿ ಸೂಜಿಯ ಮೊನೆಯ ಮೇಲೆ ನಿಂತಿತ್ತು. ಅಲ್ಲಿಂದ ಅದು ಇನ್ನೇನು ಬೀಳುವಷ್ಟು ಅಲುಗಾಡಿಸಿದ್ದು ನನ್ನ ಪಾಠವೇ.

ಊರು ಸುರಪುರಕ್ಕೂ ಹುಣಸಗಿಗೂ ನಡುವೆ. ಬಸ್ಸು ಕ್ರಾಸಿನಲ್ಲಿ ಇಳಿಸಿ ಹೋಗುತ್ತಿತ್ತು. ಅಲ್ಲಿಂದ ಕಾಲುವೆಯ ಏರಿ ಹಿಡಿದು ನಡೆಯಬೇಕು. ನಾರಾಯಣಪುರ ಅಣೆಕಟ್ಟೆಯ ನೀರು ಆ ಕಡೆಗೆ ಬಂದು ಇನ್ನೂ ಬಹಳ ದಿನವಾಗಿರಲಿಲ್ಲ. ಜೋಳ, ತೊಗರಿ ಬಿತ್ತಿ ಮುಗಿಲು ನೋಡುತ್ತಿದ್ದವರು ಭತ್ತ ಹಚ್ಚುವುದನ್ನು ಆಗಷ್ಟೇ ಕಲಿಯುತ್ತಿದ್ದರು. ಮಕ್ಕಳು ಮೊಣಕಾಲವರೆಗೆ ಕೆಸರು ಮಾಡಿಕೊಂಡು ಶಾಲೆಗೆ ಬರುತ್ತಿದ್ದರು. ನಮ್ಮ ಅಪ್ಪ ಶಹಾಪುರದಲ್ಲಿ ದರ್ಜಿ. ಮನೆಯಲ್ಲಿ ದಖನಿ, ಶಾಲೆಯಲ್ಲಿ ಕನ್ನಡ, ಪಾಠಪುಸ್ತಕದಲ್ಲಿ ಯಾರೂ ಆಡದ ಇನ್ನೊಂದು ಕನ್ನಡ, ಹೀಗೆ ಮೂರು ಭಾಷೆಗಳನ್ನು ಚೀಲದಲ್ಲಿ ಹಾಕಿಕೊಂಡು ನಾನು ಆ ಊರಿಗೆ ಹೋದೆ. ಮಕ್ಕಳಿಗೆ ನಾನು ರಜಿಯಾ ಟೀಚರ್.

ಹೆಡ್‌ಮಾಸ್ಟರ್ ಶಂಕ್ರಪ್ಪ ಸರ್ ನನ್ನನ್ನು ಮೊದಲ ದಿನವೇ ಒಂದು ಗಾಜಿನ ಅಲಮಾರಿಯ ಮುಂದೆ ನಿಲ್ಲಿಸಿದರು. ಒಳಗೆ ಪ್ರನಾಳಗಳು, ಒಂದು ಸೂಕ್ಷ್ಮದರ್ಶಕ, ಪುಟ್ಟ ತಕ್ಕಡಿ, ಅಯಸ್ಕಾಂತ, ಮನುಷ್ಯನ ಕಿವಿಯ ಮಣ್ಣಿನ ಮಾದರಿ. ಬೀಗದ ಕೈ ಅವರ ಜನಿವಾರ ಇದ್ದಂತೆ, ಮೈ ಬಿಟ್ಟು ಇಳಿಯುತ್ತಿರಲಿಲ್ಲ.

"ಇಷ್ಟೆಲ್ಲಾ ಐತಲ್ರಿ ಸರ್, ನಾಳಿಂದ ತಗೀತೀನ್ರಿ" ಎಂದೆ.

"ಬ್ಯಾಡ್ರಿ ಬಾಯಿ. ಒಂದ್ ನಳಿಗಿ ಒಡದ್ರೂ ನನ್ನ ಪೆನ್ಶನ್‌ದಾಗ ಹಿಡೀತಾರ. ಹುಡುಗ್ರು ಕಾಜಿನ ಹೊರಗ ನಿಂತ ನೋಡ್ಲಿ. ಕಣ್ಣಿಗೆ ಕಂಡ್ರ ಸಾಕಲ್ರಿ, ಅದಾ ವಿಜ್ಞಾನ."

ಆಗ ನನಗೆ ಮೈಯೆಲ್ಲ ಉರಿಯಿತು. ಈಗ ಹಾಗೆನಿಸುವುದಿಲ್ಲ. ಅವರಿಗಿಂತ ಮೊದಲಿದ್ದವರು ಒಡೆದ ಗಾಜಿನ ಲೆಕ್ಕ ಕೊಡಲಾಗದೆ ಅಲೆದದ್ದನ್ನು ಅವರು ಕಣ್ಣಾರೆ ಕಂಡಿದ್ದರು. ಹಾವು ಕಚ್ಚಿದವನಿಗೆ ಹಗ್ಗವೂ ಹಾವೇ. ನಿಮಗೂ ಇಂಥ ಹೆಡ್‌ಮಾಸ್ಟರ್ ಸಿಗುತ್ತಾರೆ. ಅವರ ಜೊತೆ ಜಗಳವಾಡಿ ವರ್ಷ ಕಳೆಯಬೇಡಿ. ಊರೇ ಒಂದು ಅಲಮಾರಿ, ಅದಕ್ಕೆ ಯಾರೂ ಬೀಗ ಹಾಕಿಲ್ಲ.

ನಾನು ಹಾಗೇ ಶುರು ಮಾಡಿದೆ. ಶಾಖದಿಂದ ಲೋಹ ಹಿಗ್ಗುತ್ತದೆ ಎಂಬುದಕ್ಕೆ ಪುಸ್ತಕದಲ್ಲಿ ರೈಲು ಹಳಿಯ ಚಿತ್ರವಿತ್ತು. ನಮ್ಮ ಮಕ್ಕಳಲ್ಲಿ ರೈಲು ನೋಡಿದವರು ಬೆರಳೆಣಿಕೆಯಷ್ಟು ಮಂದಿ. ಎಲ್ಲರನ್ನೂ ಕಮ್ಮಾರನ ಕುಲುಮೆಗೆ ಕರೆದುಕೊಂಡು ಹೋದೆ. ಆತ ಬಂಡಿಯ ಗಾಲಿಗೆ ಕಬ್ಬಿಣದ ಪಟ್ಟಿ ತೊಡಿಸುತ್ತಿದ್ದ. ಕಾಯಿಸಿದಾಗ ಸಲೀಸಾಗಿ ಕೂತ ಪಟ್ಟಿ ನೀರು ಹೊಯ್ದ ಕೂಡಲೇ ಗಾಲಿಯನ್ನು ಕಿರ್ರೆಂದು ಬಿಗಿದು ಹಿಡಿಯಿತು. ಆ ಪಾಠ ಮತ್ತೆ ಮಾಡುವ ಅಗತ್ಯ ಬೀಳಲಿಲ್ಲ.

ಇಂಗಾಲದ ಡೈಆಕ್ಸೈಡಿಗೆ ಸುಣ್ಣದ ತಿಳಿನೀರು ಬೇಕು. ದೇವಮ್ಮ ತನ್ನ ಅವ್ವನ ಎಲೆ ಅಡಿಕೆಯ ಡಬ್ಬಿಯಿಂದ ಸುಣ್ಣ ಕದ್ದು ತಂದಳು. ನೀರಿನಲ್ಲಿ ಕಲಸಿ, ತಿಳಿಯಾಗಲು ಬಿಟ್ಟು, ಮೇಲಿನ ನೀರನ್ನು ಲೋಟಕ್ಕೆ ಬಸಿದೆವು. ಊದಲು ಗಾಜಿನ ಕೊಳವೆ ಎಲ್ಲಿಂದ ತರುವುದು? ಔಡಲ ಎಲೆಯ ದೇಟು ಟೊಳ್ಳಾಗಿರುತ್ತದಲ್ಲ, ಅದನ್ನೇ ಮುರಿದು ತಂದರು. ಊದಿದರೆ ತಿಳಿನೀರು ಹಾಲಿನಂತಾಯಿತು. ತರಗತಿ ಹೋ ಎಂದಿತು. ದೇವಮ್ಮ ಮಾತ್ರ ಎದ್ದು ನಿಂತು, "ಟೀಚರ್ರಿ, ಎಮ್ಮಿ ಊದಿದ್ರೂ ಬೆಳ್ಳಗ ಆಗತೈತೇನ್ರಿ?" ಎಂದಳು.

"ಆಗಬೇಕು. ಎಮ್ಮಿನೂ ನಮ್ಮಂಗ ಉಸಿರಾಡತೈತಲ್ಲ."

ಮರುದಿನ ಹಾಜರಿ ಕರೆಯುವಾಗ ಆಕೆ ಮುಖ ಸಣ್ಣ ಮಾಡಿಕೊಂಡಿದ್ದಳು. "ಏನಾತವ್ವಾ?" ಎಂದೆ.

"ಎಮ್ಮಿ ಊದಲಿಲ್ರಿ ಟೀಚರ್. ಕುಡದ್ ಬಿಡ್ತ್ರಿ."

ತರಗತಿ ಬಿದ್ದು ಬಿದ್ದು ನಕ್ಕಿತು. ಎಮ್ಮೆಗೇನೂ ಆಗಲಿಲ್ಲ. ನಾನೂ ನಕ್ಕೆ, ಆದರೆ ಅಂದೇ ಒಂದು ವಿಷಯ ತಿಳಿದುಕೊಳ್ಳಬೇಕಿತ್ತು. ಈ ಹುಡುಗಿಗೆ ಹೇಳಿದ ಯಾವ ಮಾತೂ ಶಾಲೆಯಲ್ಲಿ ಉಳಿಯುವುದಿಲ್ಲ, ಸಂಜೆಯೊಳಗೆ ಅದು ಮನೆಗೆ ಹೋಗಿ ಏನೋ ಒಂದು ಮಾಡಿಯೇ ಬರುತ್ತದೆ.

ಸೊಳ್ಳೆಯ ಪ್ರಸಂಗ ಹೇಳದಿದ್ದರೆ ಶಂಕ್ರಪ್ಪ ಸರ್ ಬೇಸರ ಪಟ್ಟಾರು, ಅವರು ಎಲ್ಲಿದ್ದರೂ. ಶಾಲೆಯ ಹಿಂದಿನ ತಗ್ಗಿನಲ್ಲಿ ಕಾಲುವೆಯ ಬಸಿನೀರು ನಿಂತು ಕಪ್ಪೆ, ಸೊಳ್ಳೆಗಳಿಗೆ ತವರುಮನೆಯಾಗಿತ್ತು. ಅಲ್ಲಿಂದ ಹುಳು ಇರುವ ನೀರನ್ನು ಬಾಟಲಿಯಲ್ಲಿ ತುಂಬಿ, ಬಾಯಿಗೆ ಬಟ್ಟೆ ಕಟ್ಟಿ, ಕಿಟಕಿಯಲ್ಲಿಟ್ಟೆ. ಹುಳು ಸುರುಳಿಯಾಗಿ ಕೋಶವಾಗುವುದನ್ನು, ಕೋಶದಿಂದ ಸೊಳ್ಳೆ ಏಳುವುದನ್ನು ಮಕ್ಕಳು ದಿನವೂ ನೋಡುತ್ತಿದ್ದರು. ಒಂದು ದಿನ ಶಂಕ್ರಪ್ಪ ಸರ್ ಇದೇನೋ ಶರಬತ್ತು ಎಂದುಕೊಂಡು ಬಟ್ಟೆ ಬಿಚ್ಚಿದರು. ಸೊಳ್ಳೆಗಳೆಲ್ಲ ಅವರ ಮುಖದ ಮೇಲಿಂದಲೇ ಹಾರಿಹೋದವು. ಮಧ್ಯಾಹ್ನದೊಳಗೆ ಸುದ್ದಿ ಊರು ಮುಟ್ಟಿತು.

ಹೀಗೆ ನಾನು ದೇವಮ್ಮನ ತಾಯಿ ಭೀಮವ್ವನನ್ನು ಮೊದಲ ಸಲ ನೋಡಿದ್ದು. ಎತ್ತರದ ಹೆಂಗಸು, ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ನೇರ ತರಗತಿಯೊಳಕ್ಕೇ ಬಂದಳು.

"ಸಾಲ್ಯಾಗ ಗುಂಗಾಡ ಸಾಕಾಕತ್ತೀರಂತ? ಊರಾಗ ಇದ್ದಿದ್ದ ಸಾಲವಲ್ದೇನ್ರಿ ಟೀಚರ್?"

ನಾನು ಇನ್ನೊಂದು ಬಾಟಲಿಯನ್ನು ಆಕೆಯ ಕೈಗೆ ಕೊಟ್ಟೆ. "ಸಾಕಾಕತ್ತಿಲ್ರಿ, ಎಲ್ಲಿಂದ ಹುಟ್ಟತಾವ ಅಂತ ತೋರಸಾಕತ್ತೀನಿ. ನೀವೂ ನೋಡ್ರಿ."

ಭೀಮವ್ವ ಬಾಟಲಿಯನ್ನು ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದಳು. ಬಾಟಲಿಯನ್ನು ಕಿಟಕಿಯಲ್ಲಿಟ್ಟು ಹೋದಳು. ಮರುದಿನ ದೇವಮ್ಮ ಹೇಳಿದಳು, ಅವ್ವ ಹಿತ್ತಲದ ಬಾನಿ, ಒಡೆದ ಗಡಿಗೆ, ಎಮ್ಮೆ ನೀರು ಕುಡಿಯುವ ದೋಣಿ ಎಲ್ಲವನ್ನೂ ಬೋರಲು ಹಾಕಿದಳಂತೆ, ಪಕ್ಕದ ಮನೆಯವರದ್ದನ್ನೂ ಕೇಳದೆಯೇ ಹಾಕಿದಳಂತೆ. ಅದಕ್ಕೊಂದು ಜಗಳವೂ ಆಯಿತಂತೆ. ಭೀಮವ್ವನ ಗಂಡ ತೀರಿಕೊಂಡಿದ್ದ. ಮೈದುನರು "ಹೆಣ್ಣು ಎಂಟನೇತ್ತಾ ಓದಿ ಕಲೆಕ್ಟರ್ ಆಗ್ತದೇನು" ಎಂದು ಮೂರು ಹೊತ್ತೂ ಆಡುತ್ತಿದ್ದರು. ಒಂದು ಗಂಡಿನ ಮಾತೂ ಎತ್ತಿದ್ದರು. ಆಕೆ ಯಾರಿಗೂ ಹೂಂ ಅಂದಿರಲಿಲ್ಲ, ಊಹೂಂ ಅಂತಲೂ ಅಂದಿರಲಿಲ್ಲ.

ಆಕೆಯ ಹೊಲ ಕಾಲುವೆಯ ಏರಿಯ ಬುಡಕ್ಕೇ ಇತ್ತು. ಏರಿಯ ಮೇಲೆ ನಿಂತರೆ ಒಂದು ಕಡೆ ತುಂಬಿ ಹರಿಯುವ ನೀರು, ಇನ್ನೊಂದು ಕಡೆ ಕೆಳಗೆ ಭೀಮವ್ವನ ಮೆಣಸಿನ ಗಿಡ. ಆದರೆ ನೀರು ಬಿಡುವ ತೂಬು ಇದ್ದದ್ದು ದೂರದಲ್ಲಿ. ಅಲ್ಲಿಂದ ಊರವರ ಹೊಲಗಳನ್ನೆಲ್ಲ ದಾಟಿ ಇವಳ ಹೊಲ ಮುಟ್ಟುವಷ್ಟರಲ್ಲಿ ನೀರೂ ಮುಗಿಯುತ್ತಿತ್ತು, ಪಾಳಿಯೂ ಮುಗಿಯುತ್ತಿತ್ತು. ದೀಪದ ಬುಡದಲ್ಲಿ ಕತ್ತಲೆ ಎನ್ನುತ್ತಾರಲ್ಲ, ಹಾಗೆ. ಏರಿ ಅಗೆದರೆ ಜೈಲು. ಕಾವಲಿಗೆ ನೀರಾವರಿ ಆಫೀಸಿನ ಸೌಡಿ, ಅಂದರೆ ನೀರುಗಂಟಿ, ಮಾನಪ್ಪ ಸೈಕಲ್ ಮೇಲೆ ದಿನವೂ ಓಡಾಡುತ್ತಿದ್ದ.

ಗಾಳಿಯ ಒತ್ತಡದ ಪಾಠ ಬಂದದ್ದು ಆ ದಿನಗಳಲ್ಲಿ. ಪುಸ್ತಕದಲ್ಲಿ ಸೈಫನ್ನಿನ ಒಂದು ಚಿತ್ರ, ಕೆಳಗೆ ಬಾಯಿಪಾಠಕ್ಕೆ ಮೂರು ಸಾಲು. ಶಾಲೆಯ ಕೋಣೆ ಕಟ್ಟುತ್ತಿದ್ದ ಗೌಂಡಿಯ ಹತ್ತಿರ ಲೆವಲ್ ನೋಡುವ ಉದ್ದನೆಯ ಪಾರದರ್ಶಕ ಪೈಪು ಇತ್ತು. ಅದನ್ನು ಕೇಳಿ ತಂದೆ. ಮೇಜಿನ ಮೇಲೊಂದು ಬಕೀಟು ತುಂಬ ನೀರು, ನೆಲದ ಮೇಲೊಂದು ಖಾಲಿ ಬಕೀಟು. ಪೈಪನ್ನು ಪೂರ್ತಿ ನೀರಿನಲ್ಲಿ ಮುಳುಗಿಸಿ ತುಂಬಿಸಿದೆ. ಒಂದು ತುದಿಯನ್ನು ಹೆಬ್ಬೆರಳಿನಿಂದ ಮುಚ್ಚಿ ಹೊರಗೆಳೆದು ಕೆಳಗಿನ ಬಕೀಟಿಗೆ ಇಳಿಸಿ ಬೆರಳು ತೆಗೆದೆ. ನೀರು ತಾನಾಗಿ ಬಕೀಟಿನ ಅಂಚು ಹತ್ತಿ, ದಾಟಿ, ಕೆಳಗೆ ಸುರಿಯತೊಡಗಿತು.

"ದೆವ್ವ ಎಳ್ಯಾಕತ್ತೈತಿ" ಎಂದ ಒಬ್ಬ ಹುಡುಗ.

"ದೆವ್ವಲ್ಲ, ಗಾಳಿ ಮ್ಯಾಲಿನ ನೀರನ್ನ ಒತ್ತಾಕತ್ತೈತಿ. ತೆಳಗಿನ ನೀರಿನ ಭಾರ ಜಗ್ಗಾಕತ್ತೈತಿ. ಮ್ಯಾಲಿನ ನೀರು ಎತ್ತರದಾಗ ಇರಬೇಕು, ಪೈಪಿನ್ಯಾಗ ಗಾಳಿ ಇರಬಾರದು, ಅಷ್ಟಾ." ನಿಲ್ಲಿಸುವುದನ್ನೂ ತೋರಿಸಿದೆ. ಮೇಲಿನ ತುದಿಯನ್ನು ನೀರಿನಿಂದ ಎತ್ತಿದರೆ ಗಾಳಿ ನುಗ್ಗಿ ಹರಿವು ಸತ್ತುಹೋಗುತ್ತದೆ.

ದೇವಮ್ಮ ಎದ್ದಳು. "ನಡುವ ಎಷ್ಟ ಎತ್ತರ ಇದ್ರೂ ದಾಟತೈತೇನ್ರಿ?"

"ಎಷ್ಟಾದ್ರೂ ಅಂದ್ರ ಇಲ್ಲ. ಆದ್ರ ನಮ್ಮ ಸಾಲಿ ಮಾಳಿಗಿಯಷ್ಟು ಎತ್ತರ ಇದ್ರೂ ಆರಾಮ ದಾಟತೈತಿ."

ಆಕೆ ಕುಳಿತಳು. ಎಮ್ಮೆಯ ಪ್ರಶ್ನೆಯ ದಿನ ಇದ್ದ ಕುತೂಹಲ ಮುಖದಲ್ಲಿ ಇರಲಿಲ್ಲ, ಏನನ್ನೋ ಲೆಕ್ಕ ಹಾಕುವ ಗಾಂಭೀರ್ಯವಿತ್ತು. ನಾನು ಪಾಠ ಚೆನ್ನಾಗಿ ಆಯಿತೆಂದು ಖುಷಿಯಲ್ಲಿ ಗೌಂಡಿಗೆ ಪೈಪು ಮರಳಿಸಿ ಬಂದೆ.

ಮುಂದಿನ ವಾರ ನಾನು ತರಗತಿಯಲ್ಲಿದ್ದಾಗ ಮಾನಪ್ಪ ಸೈಕಲ್ಲಿಗೆ ಕರಿ ಪೈಪಿನ ದೊಡ್ಡ ಸುರುಳಿ ಕಟ್ಟಿಕೊಂಡು ಶಾಲೆಯ ಅಂಗಳಕ್ಕೆ ಬಂದ. ಆತ ಸಿಟ್ಟಿನಲ್ಲಿದ್ದನೋ ಬೆರಗಿನಲ್ಲಿದ್ದನೋ ಹೇಳುವುದು ಕಷ್ಟ.

"ಹೆಡ್‌ಮಾಸ್ತರ್ರ, ನಿಮ್ಮ ಸಾಲ್ಯಾಗ ಏನ್ ಕಲಸ್ತೀರ್ರಿ? ನಾನ್ ಉಣ್ಣಾಕ ಮನಿಗೆ ಹೋಗಿ ಬರೂದ್ರಾಗ ಭೀಮವ್ವ, ಆಕಿ ಮಗಳು ಕೂಡಿ ಪೈಪ ತಂದು ಕೆನಾಲದಾಗ ಮುಳುಗಿಸಿ, ಬಾಯಿಗೆ ಅರಿವಿ ತುರುಕಿ, ಏರಿ ಮ್ಯಾಲ ಹಾಸಿ ತೆಳಗ ಇಳಿಸ್ಯಾರ. ಮೋಟರ್ ಇಲ್ಲ, ಕರೆಂಟ್ ಇಲ್ಲ, ನೀರು ಏರಿ ಹತ್ತಿ ಇಳ್ಯಾಕತ್ತೈತ್ರಿ! ನಾನ್ ಕಾಲಿಲೆ ಒತ್ತಿದೆ, ನಿಂದ್ರಲಿಲ್ಲ. ಕಲ್ಲ ಹೇರಿದೆ, ನಿಂದ್ರಲಿಲ್ಲ."

"ಮತ್ತ ಹೆಂಗ ನಿಂದರ್ಸಿದಿ?" ಎಂದರು ಶಂಕ್ರಪ್ಪ ಸರ್.

"ನಾ ಎಲ್ಲಿ ನಿಂದರ್ಸಲಿ. ಹುಡುಗೀನ ಬಂದು, 'ಕಾಕಾ ಬಿಡ್ರಿ, ಪೈಪ ಹರೀಬ್ಯಾಡ್ರಿ' ಅಂದು ಮ್ಯಾಲಿನ ಬಾಯಿ ಎತ್ತಿದ್ಲು. ಟಪ್ ಅಂತ ನಿಂತ್ ಬಿಡ್ತು. ಓಡಿ ಹೋಗಬಹುದಿತ್ತು, ಹೋಗಲಿಲ್ಲ. ಯಾರ್ ಕಲ್ಸಿದ್ರು ಅಂದ್ರ, ಸಾಲ್ಯಾಗ ಕಲತೀವಿ ಅಂತಾಳ."

ಶಂಕ್ರಪ್ಪ ಸರ್ ಬಾಗಿಲಿಗೆ ಬಂದು ನಿಂತಿದ್ದ ನನ್ನತ್ತ ತಿರುಗಿದರು. ಅವರ ಮುಖದಲ್ಲಿದ್ದದ್ದು ಸಿಟ್ಟಲ್ಲ, ಭಯ. ಅಲಮಾರಿಗೆ ಬೀಗ ಹಾಕಿ ಕಾದುಕೊಂಡಿದ್ದ ಪೆನ್ಶನ್ನು ಎರಡು ಬಕೀಟಿನ ನೀರಿನಲ್ಲಿ ಹರಿದುಹೋಗುವುದು ಅವರಿಗೆ ಕಾಣಿಸುತ್ತಿತ್ತು.

"ಬಾಯಿ, ನೀರು ಕದಿಯೋದು ಕಲಸೀರಂತ ಆಗತೈತ್ರಿ ಇದು."

"ಸರ್, ಪುಸ್ತಕದಾಗ ಇದ್ದಿದ್ದು ಕಲಸೀನ್ರಿ. ಪುಸ್ತಕ ನಾ ಬರದಿಲ್ಲ."

ಆ ಸಂಜೆ ಶಹಾಪುರಕ್ಕೆ ಬಂದು ಅಮ್ಮಿಗೆ ಎಲ್ಲ ಹೇಳಿದೆ. ಅವರು ರೊಟ್ಟಿ ತಟ್ಟುತ್ತಾ, "ಪಾನಿ ಕೋ ಚಢನಾ ಸಿಖಾಯೀ, ಅಬ್ ಬಚ್ಚೀ ಕೋ ಗಿರನೇ ನಕ್ಕೋ ದೇ" ಎಂದರು. ನೀರಿಗೆ ಹತ್ತುವುದನ್ನು ಕಲಿಸಿದೆಯಲ್ಲ, ಈಗ ಮಗುವನ್ನು ಬೀಳಲು ಬಿಡಬೇಡ ಎಂದು.

ದೇವಮ್ಮ ಮರುದಿನ ಬರಲಿಲ್ಲ, ಅದರ ಮರುದಿನವೂ ಬರಲಿಲ್ಲ. ನಾನೇ ಮನೆಗೆ ಹೋದೆ. ಆಕೆ ಬಾಗಿಲಲ್ಲಿ ಕುಳಿತು ಪುಸ್ತಕಕ್ಕೆ ಹೊಸ ರಟ್ಟು ಹಾಕುತ್ತಿದ್ದಳು. ಇನ್ನು ಬರುವುದಿಲ್ಲ ಎಂದುಕೊಂಡವರು ಪುಸ್ತಕಕ್ಕೆ ರಟ್ಟು ಹಾಕುತ್ತಾರೆಯೇ? "ಟೀಚರ್ರಿ, ಹೆಡ್‌ಮಾಸ್ತರ್ ಸಿಟ್ಟಾಗ್ಯಾರಂತ. ನನ್ ಹೆಸರು ತಗೀತಾರೇನ್ರಿ?" ಎಂದು ಕೇಳಿದಳು. ತೆಗೆಯುವುದಿಲ್ಲ ಎಂದು ಗಟ್ಟಿಯಾಗಿ ಹೇಳಿದೆ. ಹೇಳಲು ನನಗೇನು ಅಧಿಕಾರವಿತ್ತು? ಭೀಮವ್ವ ಹೊಲದಲ್ಲಿದ್ದಳು. ಮನೆಯ ಮುಂದೆ ಕುಳಿತಿದ್ದ ಮೈದುನ ನನಗೆ ಕೇಳಿಸುವಂತೆಯೇ, "ಓದಿಸಿದ್ದಕ್ಕ ಕೇಸ್ ಆಗೂ ಹೊತ್ತು ಬಂತು. ಇನ್ನೂ ಓದಿಸಿದ್ರ ಜೈಲು ಬರತೈತಿ" ಎಂದ.

ಆ ವಾರವೇ ನೀರಾವರಿ ಆಫೀಸಿನ ಇಂಜಿನಿಯರು ಜೀಪಿನಲ್ಲಿ ಶಾಲೆಗೆ ಬಂದರು. ನಾರಾಯಣಪುರದ ಕ್ವಾರ್ಟರ್ಸಿನಲ್ಲಿದ್ದ ಹುಡುಗ ವಯಸ್ಸಿನ ಅಧಿಕಾರಿ, ಕೆಟ್ಟವರಲ್ಲ. ಹೆಡ್‌ಮಾಸ್ಟರ್ ಕೋಣೆಯಲ್ಲಿ ಕುಳಿತು ಭೀಮವ್ವನನ್ನೂ ದೇವಮ್ಮನನ್ನೂ ಕರೆಸಿದರು. ನಾನು ಕರೆಯದಿದ್ದರೂ ಹೋಗಿ ಗೋಡೆಗೆ ಆತು ನಿಂತೆ. ಬಾಗಿಲಲ್ಲಿ ಮಾನಪ್ಪ.

ಇಂಜಿನಿಯರು ಭೀಮವ್ವನಿಗೆ ನಿಧಾನವಾಗಿ ಬಿಡಿಸಿ ಹೇಳಿದರು. "ನೋಡ್ರಿ ಅಮ್ಮ, ಸುದ್ದಿ ಮೇಲಿನವರಿಗೆ ಮುಟ್ಟಿದೆ. ಏನಾದರೂ ಕ್ರಮ ತೋರಿಸಲೇಬೇಕು. ನಿಮ್ಮ ಹೆಸರು ಹಾಕಿದರೆ ಕೇಸಾಗುತ್ತೆ, ಆಫೀಸಿಗೆ ಅಲೆಯಬೇಕಾಗುತ್ತೆ. ಅದರ ಬದಲು, ಇದು ಶಾಲೆಯ ಹುಡುಗಿ ಆಟಕ್ಕೆ ಮಾಡಿದ್ದು, ಶಾಲೆಯವರೇ ಹುಡುಗಿಯನ್ನು ತೆಗೆದಿದ್ದಾರೆ ಅಂತ ಬರೆದರೆ ಇಲ್ಲಿಗೇ ಮುಗಿಯುತ್ತೆ. ಈ ಸಲ ತೂಬಿನ ನೀರು ನಿಮ್ಮ ಹೊಲದ ತನಕ ಬರುವ ಹಾಗೆ ನಾನೇ ನಿಂತು ಬಿಡಿಸುತ್ತೇನೆ. ನಿಮ್ಮ ಬೆಳೆ ಉಳಿಯುತ್ತೆ."

ಅವರ ಮಾತಿನಲ್ಲಿ ಮೋಸವಿರಲಿಲ್ಲ. ನಿಜವಾಗಿಯೂ ಆಕೆಗೆ ಒಳ್ಳೆಯದು ಮಾಡುತ್ತಿದ್ದೇನೆ ಎಂದೇ ಅವರು ತಿಳಿದಿದ್ದರು. ಶಂಕ್ರಪ್ಪ ಸರ್ ಸಹಿ ಮಾಡಿದ ಟಿ.ಸಿ.ಯನ್ನು ಮೇಜಿನ ಮೇಲೆ ಮುಂದಕ್ಕೆ ತಳ್ಳಿದರು.

"ಒಂದ್ ವರ್ಷದ ಮಾತು ಭೀಮವ್ವ. ಮುಂದಿನ ವರ್ಷ ನಾನಾ ಮತ್ತ ಸೇರಿಸ್ಕೋತೀನಿ."

ನನಗೆ ಇನ್ನು ತಡೆಯಲಾಗಲಿಲ್ಲ. "ಸರ್, ಒಂದ್ ವರ್ಷ ಮನ್ಯಾಗ ಕುಂತ ಹುಡುಗಿ ತಿರುಗಿ ಬಂದಿದ್ದು ಈ ಊರಾಗ ಒಂದರ ತೋರಸ್ರಿ. ಮುಂದಿನ ವರ್ಷ ಆಕಿ ಯಾರ ಮನ್ಯಾಗ ಇರ್ತಾಳ ನಿಮಗೂ ಗೊತ್ತೈತಿ, ನನಗೂ ಗೊತ್ತೈತಿ. ತೆಗಿಯೂದಿದ್ರ ನನ್ನ ತೆಗೀರಿ. ಕಲಸಿದಾಕಿ ನಾನು."

"ಬಾಯಿ, ನೀವು ಸುಮ್ಮ ಇರ್ರಿ" ಎಂದರು ಸರ್.

ಹೊಲ ಒಣಗುತ್ತಿರುವುದು ಕೋಣೆಯಲ್ಲಿದ್ದ ಎಲ್ಲರಿಗೂ ಗೊತ್ತಿತ್ತು. ಭೀಮವ್ವ ಟಿ.ಸಿ.ಗೆ ಕೈ ಚಾಚುತ್ತಾಳೆ ಎಂದೇ ನಾನೂ ಅಂದುಕೊಂಡೆ. ಚಾಚಿದ್ದರೆ ತಪ್ಪೆನ್ನಲು ನಾನು ಯಾರು? ನನ್ನ ಸಂಬಳಕ್ಕೆ ಮೆಣಸಿನ ಗಿಡದ ಹಂಗಿರಲಿಲ್ಲ.

ಭೀಮವ್ವ ಮಗಳ ಕಡೆ ತಿರುಗಿದಳು. "ನೀ ಮಾಡಿದ್ದು ಪುಸ್ತಕದಾಗ ಐತೇನು?"

"ಐತಿ ಯವ್ವಾ."

"ಪರೀಕ್ಷಾದಾಗ ಕೇಳತಾರೇನು?"

ದೇವಮ್ಮ ನನ್ನ ಮುಖ ನೋಡಿದಳು. ಎಂಟನೆಯ ತರಗತಿಯ ಪ್ರಶ್ನೆಪತ್ರಿಕೆ ತೆಗೆಯುವುದು ನಾನೇ. "ಕೇಳ್ತಾರ್ರಿ" ಎಂದೆ ನಾನು.

ಭೀಮವ್ವ ಟಿ.ಸಿ.ಯನ್ನು ಬೆರಳಿನಿಂದ ಶಂಕ್ರಪ್ಪ ಸರ್ ಕಡೆಗೇ ಸರಿಸಿದಳು. ಆಮೇಲೆ ಇಂಜಿನಿಯರಿಗೆ ಹೇಳಿದಳು.

"ಸಾಹೇಬ್ರ, ನನ್ನ ಹೆಸರು ಬರಕೋರಿ. ಪೈಪ ತಂದಾಕಿ ನಾನು, ಹೊತ್ತಾಕಿ ನಾನು. ಮೆಣಸಿನಗಿಡ ಈ ವರ್ಷ ಒಣಗಿದ್ರ ಮುಂದಿನ ವರ್ಷ ಮತ್ತ ಹಚ್ಚತೀನ್ರಿ. ಇದರ ಎಂಟನೇತ್ತಾ ಒಣಗಿದ್ರ ಮತ್ತ ಹಚ್ಚಾಕ ಬರಂಗಿಲ್ಲ."

ಇಂಜಿನಿಯರು ಪೆನ್ನು ತೆಗೆದರು. ಆಕೆಯ ಪೂರ್ತಿ ಹೆಸರು ಕೇಳಿ ಬರೆದುಕೊಂಡರು. ಶಂಕ್ರಪ್ಪ ಸರ್ ಟಿ.ಸಿ.ಯನ್ನು ನಾಲ್ಕು ಚೂರು ಮಾಡಿ ಬುಟ್ಟಿಗೆ ಹಾಕಿದರು. ಅದಾದ ಮೇಲೆ ಕನ್ನಡಕ ತೆಗೆದು ಬಹಳ ಹೊತ್ತು ಒರೆಸಿದರು. ಅವರ ಬಗ್ಗೆ ನನಗಿದ್ದ ಸಿಟ್ಟು ಅಂದು ಹೋದದ್ದು ಮತ್ತೆ ಬರಲಿಲ್ಲ. ದೇವಮ್ಮನ ಕೈಹಿಡಿದು ತರಗತಿಗೆ ಕರೆದುಕೊಂಡು ಹೋದೆ. ನನಗೆ ಅಳು ಬರುತ್ತಿತ್ತು, ಆಕೆ ಮಾತ್ರ, "ಟೀಚರ್ರಿ, ನಾ ಬರಲಾರದ ದಿನ ಯಾವ ಪಾಠ ಮಾಡೀರಿ?" ಎಂದು ಕೇಳುತ್ತಿದ್ದಳು.

ಇದು ಸಿನಿಮಾ ಅಲ್ಲ, ಆದ್ದರಿಂದ ಉಳಿದದ್ದನ್ನೂ ಹೇಳುತ್ತೇನೆ. ಕೇಸು ಹೋಯಿತು. ಭೀಮವ್ವ ನಾರಾಯಣಪುರದ ಆಫೀಸಿಗೆ ಕೂಲಿ ಬಿಟ್ಟು ಅಲೆದಳು. ಒಂದು ಸಲ ನಾನೂ ಜೊತೆಗೆ ಹೋಗಿ, ಅವರ ಬೆಂಚಿನ ಮೇಲೆ ಬೆಳಗಿನಿಂದ ಸಂಜೆಯವರೆಗೆ ಕುಳಿತು ಬಂದೆ. ಕೊನೆಗೆ ಇನ್ನೊಮ್ಮೆ ಮಾಡಬಾರದೆಂದು ಎಚ್ಚರಿಸಿ ಬಿಟ್ಟರು. ಪೈಪು ಆಫೀಸಿನಲ್ಲೇ ಉಳಿಯಿತು. ತೂಬಿನ ನೀರು ಹೊಲ ಮುಟ್ಟಲಿಲ್ಲ. ಮೆಣಸಿನ ಗಿಡ ಏರಿಯ ಬುಡದ ಒಂದೆರಡು ಸಾಲು ಬಿಟ್ಟು ಎಲ್ಲ ಸುಟ್ಟುಹೋಯಿತು. ಆ ದಾರಿಯಲ್ಲಿ ನಡೆದು ಬರುವಾಗ ನಾನು ಆ ಕಡೆ ತಲೆಯೆತ್ತಿ ನೋಡುತ್ತಿರಲಿಲ್ಲ.

ಮುಂದೆ ನನ್ನ ಕೆಲಸದಲ್ಲಿ ಬಹಳ ಬದಲಾಯಿತು. ಅಲಮಾರಿಗಳ ಬೀಗ ತೆಗೆಯಿರಿ ಎಂಬ ಆದೇಶಗಳು ಬಂದವು, ತರಬೇತಿಗಳು ಬಂದವು, ಚಟುವಟಿಕೆಯಿಂದ ಕಲಿಕೆ ಎಂಬ ಹೊಸ ಹೆಸರು ಬಂತು. ಪರದೆಯ ಮೇಲೆ ಹೃದಯ ಬಡಿಯುವುದನ್ನು ತೋರಿಸುವ ಕಾಲವೂ ಬಂತು. ಎಲ್ಲ ಒಳ್ಳೆಯದೇ, ಸಿಕ್ಕಿದ್ದನ್ನು ಬಿಡಬೇಡಿ. ಆದರೆ ಪರದೆಯ ಮುಂದೆ ಕುಳಿತ ಮಕ್ಕಳಲ್ಲಿ ಯಾವಳೋ ಒಬ್ಬಳು ನೀವು ಹೇಳಿದ್ದನ್ನು ನಿಜವೆಂದು ನಂಬಿ ಮನೆಗೆ ಹೋಗುತ್ತಾಳೆ, ಮನೆಯಲ್ಲಿ ಯಾರೋ ಆಕೆಯನ್ನು ನಂಬುತ್ತಾರೆ. ಸೈಫನ್ ಪಾಠವನ್ನು ನಾನು ಆಮೇಲೆ ಎಂದೂ ಬಿಡಲಿಲ್ಲ. ಪ್ರತಿ ವರ್ಷವೂ ಹಾಗೆಯೇ ಎರಡು ಬಕೀಟು, ಅಂಥದ್ದೇ ಒಂದು ಪೈಪು. ಕೆಲವು ಹೆಡ್‌ಮಾಸ್ಟರುಗಳು ಬೇಡವೆಂದರು. ನಾನು ಕಿವಿಗೆ ಹಾಕಿಕೊಳ್ಳಲಿಲ್ಲ.

ಆ ವರ್ಷದ ವಾರ್ಷಿಕ ಪರೀಕ್ಷೆಯಲ್ಲಿ ಕೊಟ್ಟ ಮಾತಿನಂತೆ ಮೊದಲ ಪ್ರಶ್ನೆಯನ್ನೇ ಅದರ ಮೇಲೆ ಹಾಕಿದೆ. ಸೈಫನ್ ಹೇಗೆ ಕೆಲಸ ಮಾಡುತ್ತದೆ? ಅದನ್ನು ನಿಲ್ಲಿಸುವುದು ಹೇಗೆ? ಉತ್ತರಪತ್ರಿಕೆಗಳನ್ನು ನೋಡಿ ಮನೆಯವರಿಗೆ ತೋರಿಸಿ ಬನ್ನಿ ಎಂದು ಮಕ್ಕಳ ಕೈಗೆ ಕೊಟ್ಟೆ. ಮರುದಿನ ಶಾಲೆ ಬಿಡುವ ಹೊತ್ತಿಗೆ ಭೀಮವ್ವ ಗೇಟಿನ ಹತ್ತಿರ ನಿಂತಿದ್ದಳು, ಕೈಯಲ್ಲಿ ಮಗಳ ಪತ್ರಿಕೆ. ಆಕೆಗೆ ಓದು ಬರುತ್ತಿರಲಿಲ್ಲ.

"ಟೀಚರ್ರಿ, ಇದರಾಗ ಅದು ಯಾವುದ್ರಿ?"

ನಾನು ತೋರಿಸಿದೆ. ಆಕೆ ಆ ಸಾಲುಗಳ ಮೇಲೆ ಅಂಗೈ ಇಟ್ಟು ನೋಡಿದಳು. "ಓದ್ರಿ" ಎಂದಳು.

ಮೊದಲ ಭಾಗ ಪುಸ್ತಕದಲ್ಲಿದ್ದಂತೆಯೇ ಇತ್ತು, ಓದಿದೆ.

"ನಿಂದರಸೂದು ಓದ್ರಿ."

"ಸೌಡಿ ಬಂದಾಗ ಪೈಪಿನ ಮೇಲಿನ ತುದಿಯನ್ನು ನೀರಿನಿಂದ ಎತ್ತಬೇಕು. ಗಾಳಿ ಒಳಗೆ ಹೋಗುತ್ತದೆ. ನೀರು ನಿಲ್ಲುತ್ತದೆ."

ಭೀಮವ್ವ ನಕ್ಕಳು. ಎಷ್ಟು ನಕ್ಕಳೆಂದರೆ ಕಣ್ಣಲ್ಲಿ ನೀರು ಬಂತು, ನನಗೂ ಬಂತು. ಆಮೇಲೆ ಸೆರಗಿನಿಂದ ಮುಖ ಒರೆಸಿಕೊಂಡು, "ಪೂರ್ತಿ ಮಾರ್ಕ್ಸ್ ಹಾಕೀರಿಲ್ಲ?" ಎಂದು ಕೇಳಿದಳು.

"ಪೂರ್ತಿ ಹಾಕೀನಿ."

"ಈ ವರ್ಷದ ನಮ್ಮ ಬೆಳಿ ಪೀಕು ಎಲ್ಲಾ ಇದಾ ನೋಡ್ರಿ" ಎಂದು ಭೀಮವ್ವ ಪತ್ರಿಕೆಯನ್ನು ಮಡಚಿ ಉಡಿಯಲ್ಲಿ ಕಟ್ಟಿಕೊಂಡು, ಮಗಳನ್ನು ಮುಂದೆ ಬಿಟ್ಟು, ಏರಿಯ ದಾರಿ ಹಿಡಿದಳು.